ಕಾವಿಗೆ ಕೂತ ಸ್ಕೂಟರ್

ಕೆಂಚಪ್ಪ: ಹಂಗಾದ್ರೆ ಈ ಎತ್ತಿನ ಗಾಡಿನೇ ನಿಮ್ಗೆ ಅಡ್ಡ ಅಂತೀರಾ ಸ್ವಾಮಿ?

ನಾನು: ಎತ್ತಿನ ಗಾಡಿ ಒಂದೇ ಏನ್ರೀ ಕೆಂಚಪ್ಪನೋರೆ? ಈ ಕಡೆ ಹುಲ್ಲು, ಆ ಕಡೆ ಎಮ್ಮೆ, ಮಧ್ಯೆ ಒರಳುಕಲ್ಲು. ಕೊನೇ ಮೂಲೇಲಿ ನನ್ನ ಸ್ಕೂಟರ್. ಅದನ್ನ ಆಚೆ ತರ್ಬೇಕು ಅಂದ್ರೆ ತಲೆ ಮೇಲೆ ಹೊತ್ಕೊಂಡೇ ಬರ್ಬೇಕು.

ಕೆಂಚಪ್ಪ: ಎಮ್ಮೆ ಏನ್ ಮಾಡ್ತು ಪಾಪ. ಅದರ ಪಾಡಿಗೆ ಅದು ನಿಂತದೆ.

ನಾನು: ಪ್ಲಾನ್‌ನಲ್ಲಿ ಈ ಜಾಗಕ್ಕೆ ಪಾರ್ಕಿಂಗ್ ಅಂತ ಬರ್ದಿದೆ. ಮನೆ ಕೊಡೋವಾಗ ನೀವೇ ತೋರ್ಸಿದ್ರಿ.

ಕೆಂಚಪ್ಪ: ಬರ್ದದೆ, ಇಲ್ಲ ಅಂದ್ನಾ? ಯಾರ್ ಪಾರ್ಕಿಂಗು ಅಂತ ಇಂಜಿನಿಯರ್ ಬರೀಲಿಲ್ವಲ್ಲ. ಎಮ್ಮೆ ನಮ್ ತಾತನ ಕಾಲ್ದಿಂದ ಇಲ್ಲೇ ನಿಲ್ತಾ ಐತೆ.

ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಅಗ್ರಹಾರ ದಾಸರಹಳ್ಳಿಯಲ್ಲಿ ಈ ಜಗಳ ನಡೆಯುತ್ತಿತ್ತು. ಕೆಂಚಪ್ಪನವರ ರಾಗಿ ಹೊಲದ ಬಹುಪಾಲು ಬಡಾವಣೆಯಾಗಿ, ಕೊಟ್ಟಿಗೆಯಿದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದು, ಅದರಲ್ಲಿ ಆರು ಮನೆಗಳಾಗಿದ್ದವು. ನಾವು ಆರು ಮನೆಯವರೂ ಅದನ್ನು ಫ್ಲಾಟ್ ಎನ್ನುತ್ತಿದ್ದೆವು. ಕೆಂಚಪ್ಪನವರು ಮಾತ್ರ ಇನ್ನೂ ಕೊಟ್ಟಿಗೆ ಎಂದೇ ಕರೆಯುತ್ತಿದ್ದರು. ಕೆಳಗೆ ಕಂಬಗಳ ನಡುವೆ ಖಾಲಿ ಬಿಟ್ಟ ಜಾಗವನ್ನು ನೋಡಿದರೆ ಅವರ ಮಾತೇ ಸರಿ ಅನ್ನಿಸುತ್ತಿತ್ತು.

ನನ್ನ ಹೆಸರು ಚನ್ನಕೇಶವ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಆ ಗುರುವಾರ ಬೆಳಿಗ್ಗೆ ನಾನು ಅಷ್ಟು ಗಟ್ಟಿಯಾಗಿ ಕೂಗುತ್ತಿದ್ದುದು ಎದುರಿಗೇ ನಿಂತಿದ್ದ ಕೆಂಚಪ್ಪನವರಿಗೆ ಕೇಳಲಿ ಎಂದಲ್ಲ. ಮೊದಲ ಮಹಡಿಯ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಕಮಲಾಕ್ಷಿಗೆ ಕೇಳಲಿ ಎಂದು. ಬರುವ ಭಾನುವಾರ ಕೆಂಗೇರಿಯಲ್ಲಿ ಅವಳ ಅಣ್ಣನ ಮನೆಯ ಗೃಹಪ್ರವೇಶ. ಸ್ಕೂಟರ್‌ನಲ್ಲೇ ಬರುತ್ತೇವೆ ಭಾವ, ಬಸ್ಸಿನ ಸಹವಾಸ ಇನ್ನು ಮುಗಿಯಿತು ಎಂದು ಹತ್ತು ಜನರ ಮುಂದೆ ಹೇಳಿಬಿಟ್ಟಿದ್ದೆ. ಹೇಳಿದವನು ನಾನೇ, ಯಾರೂ ನನ್ನನ್ನು ಕೇಳಿರಲಿಲ್ಲ.

ಈಗ ನಿಜ ಹೇಳಿಬಿಡುತ್ತೇನೆ. ನನಗೆ ಸ್ಕೂಟರ್ ಓಡಿಸಲು ಬರುತ್ತಿರಲಿಲ್ಲ.

ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಸರದಿ ಕಾಯಬೇಕಿದ್ದ ಕಾಲ ಅದು. ಎಪ್ಪತ್ತೆಂಟರಲ್ಲಿ ಅರ್ಜಿ ಹಾಕಿದ್ದೆ, ಎಂಬತ್ತಾರರಲ್ಲಿ ಗಾಡಿ ಬಂತು. ಆ ಎಂಟು ವರ್ಷದಲ್ಲಿ ನನ್ನ ಮದುವೆಯಾಯಿತು, ಒಂದು ಬಡ್ತಿ ಸಿಕ್ಕಿತು, ಮುಂದಲೆಯ ಕೂದಲು ಹೋಯಿತು. ಕಚೇರಿಯಲ್ಲಿ ಯಾರಿಗೆ ಗಾಡಿಯ ವಿಷಯದಲ್ಲಿ ಅನುಮಾನ ಬಂದರೂ ನನ್ನನ್ನೇ ಕೇಳುವಂತಾಯಿತು. ಪಿಕಪ್, ಮೈಲೇಜ್ ಎಂದು ನಾನು ಕೊಟ್ಟ ಉಪದೇಶ ಕೇಳಿ ಮೂವರು ಗಾಡಿ ತೆಗೆದುಕೊಂಡರು, ಆ ಮೂವರೂ ಚೆನ್ನಾಗಿ ಓಡಿಸುತ್ತಿದ್ದಾರೆ. ನಾನೂ ಕಲಿಯಬೇಕೆಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಕಲಿಸಿ ಎಂದು ಯಾರನ್ನಾದರೂ ಕೇಳುವಷ್ಟು ಚಿಕ್ಕವನಾಗಿ ನಾನು ಉಳಿದಿರಲಿಲ್ಲ.

ಗಾಡಿ ಬಂದ ದಿನ ಅದನ್ನು ಟೆಂಪೋದಲ್ಲಿ ತರಿಸಿದೆ. ಪೂಜೆಯಾಗದೆ ಹೊಸ ಗಾಡಿ ನೆಲದ ಮೇಲೆ ಓಡಬಾರದು ಎಂದೆ. ಕಮಲಾಕ್ಷಿ ಸೀಟು ಎತ್ತಿ ಒಳಗೂ ಹೊರಗೂ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದಳು. ನಿಂಬೆಹಣ್ಣಿನ ಮೇಲೆ ಗಾಡಿಯನ್ನು ಕೈಯಿಂದ ತಳ್ಳಿ ದಾಟಿಸಿದೆ. ಆಮೇಲೆ ನಂಬರ್ ಬರಬೇಕು ಎಂದೆ, ನಂಬರ್ ಬಂತು. ಅಮಾವಾಸ್ಯೆ ಕಳೆಯಲಿ ಎಂದೆ, ಅದೂ ಕಳೆಯಿತು. ಮೊದಲ ವಾರ ದಿನಾ ಬೆಳಿಗ್ಗೆ ಒರೆಸುತ್ತಿದ್ದೆ. ಬರಬರುತ್ತಾ ಅದನ್ನು ಕಂಡರೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಕಂಡಂತೆ ಎದೆ ಹೊಡೆದುಕೊಳ್ಳತೊಡಗಿತು. ಕಾಲಿಡುವ ಜಾಗದ ಬಣ್ಣ ಹೋಗದಿರಲೆಂದು ಗೋಣಿಚೀಲ ಹಾಸಿ, ಮೇಲೆ ಹಳೆಯ ಜಮಖಾನ ಹೊದಿಸಿ, ಆ ಕಡೆ ಹೋಗುವುದನ್ನೇ ಬಿಟ್ಟೆ.

ಕೊನೆಗೆ ನನ್ನ ಕೈಯಲ್ಲಿ ಉಳಿದಿದ್ದು ಪಾರ್ಕಿಂಗ್ ಸಮಸ್ಯೆ ಒಂದೇ. ಇಷ್ಟು ಒಳ್ಳೆಯ ನೆಪ ಮೊದಲೇ ಯಾಕೆ ಹೊಳೆಯಲಿಲ್ಲವೋ ಎಂದುಕೊಂಡು ಅದನ್ನು ಹಿಡಿದುಕೊಂಡಿದ್ದೆ.

ನಾನು: ನೋಡಿ ಕೆಂಚಪ್ಪನೋರೆ, ಭಾನುವಾರ ನಾವು ಕೆಂಗೇರಿಗೆ ಹೋಗ್ಬೇಕು. ಗಾಡಿ ಇದೆ, ಓಡ್ಸೋನು ಇದೀನಿ, ಆಚೆ ತೆಗೆಯೋಕೆ ದಾರಿ ಇಲ್ಲ. ಇದಕ್ಕೇನ್ ಹೇಳ್ತೀರಿ?

ಕೆಂಚಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಯೋಚನೆ ಮಾಡುವಾಗ ಅವರು ಹಾಗೆ ಮಾಡುವುದು ವಾಡಿಕೆ.

ಕೆಂಚಪ್ಪ: ಗಾಡಿ ಹೊಲ್ದತ್ರ ಬಿಟ್ಬುಡ್ತೀನಿ ಬಿಡಿ.

ನಾನು: ಯಾವ ಗಾಡಿ?

ಕೆಂಚಪ್ಪ: ಎತ್ತಿನ ಗಾಡಿ ಸ್ವಾಮಿ. ಇವತ್ತೇ ಹೊಡ್ಕೊಂಡೋಯ್ತೀನಿ. ನಿಮ್ಗೆ ಇಷ್ಟು ಕಷ್ಟ ಆಯ್ತಾ ಐತೆ ಅಂತ ನಂಗೇನ್ ಗೊತ್ತು.

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಎರಡು ತಿಂಗಳಾದರೂ ಜಗ್ಗಾಡುವರೆಂದು ನಂಬಿಕೊಂಡಿದ್ದ ಮನುಷ್ಯ ಎರಡು ನಿಮಿಷಕ್ಕೇ ಕೈಕೊಟ್ಟರು.

ನಾನು: ಎತ್ತಿನ ಗಾಡಿ ಹೋದ್ರೂ ಹುಲ್ಲು ಇದೆಯಲ್ಲ.

ಕೆಂಚಪ್ಪ: ಹುಲ್ಲು ಮೇಲಕ್ಕೆ ಏರಿಸ್ತೀನಿ, ತಾರಸಿಗೆ.

ನಾನು: ಒರಳುಕಲ್ಲು?

ಕೆಂಚಪ್ಪ: ಉರುಳಿಸಿದ್ರಾಯ್ತು.

ನಾನು: ಎಮ್ಮೆ?

ಕೆಂಚಪ್ಪ: ಎಮ್ಮೆನಾ ಆಚೆ ಬೇವಿನ ಮರಕ್ಕೆ ಕಟ್ತೀನಿ. ಒಂದು ದಿವ್ಸ ತಾನೆ. ಅದಕ್ಕೂ ಗಾಳಿ ಬೇಕು.

ಅಷ್ಟರಲ್ಲಿ ಎರಡನೆಯ ಮಹಡಿಯ ಶಿವಬಸಪ್ಪ ರಾತ್ರಿ ಪಾಳಿ ಮುಗಿಸಿಕೊಂಡು ತನ್ನ ಹಳೆಯ ಲ್ಯಾಂಬ್ರೆಟ್ಟಾದಲ್ಲಿ ಬಂದ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಅವನು ಫಿಟ್ಟರ್. ಬಂದವನು ಒರಳುಕಲ್ಲನ್ನು ಬಳಸಿ, ಎಮ್ಮೆಯ ಬಾಲ ತಪ್ಪಿಸಿ, ಎತ್ತಿನ ಗಾಡಿಯ ಮೇಲೆತ್ತಿದ ಮೂಕಿಮರದ ಕೆಳಗೆ ತಲೆ ಬಗ್ಗಿಸಿ, ಕಾಲು ನೆಲಕ್ಕೂ ತಾಗಿಸದೆ ಗಾಡಿಯನ್ನು ನನ್ನ ಸ್ಕೂಟರ್ ಪಕ್ಕದಲ್ಲೇ ತಂದು ನಿಲ್ಲಿಸಿದ. ದಾರಿಯೇ ಇಲ್ಲ ಎಂದು ನಾನು ಅರ್ಧ ಗಂಟೆಯಿಂದ ಸಾಧಿಸುತ್ತಿದ್ದ ವಾದ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಮುಳುಗುವವನು ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾನೆ.

ನಾನು: ನೋಡಿ, ಇದೇ ನಾನು ಹೇಳಿದ್ದು. ನಾನು ಗಾಡಿ ಆಚೆ ತೆಗೆದ್ರೆ ಸಾಕು, ಆ ಜಾಗದಲ್ಲಿ ಶಿವಬಸಪ್ಪ ನಿಲ್ಸ್ಕೋತಾರೆ. ವಾಪಸ್ ಬಂದಾಗ ನಾನೆಲ್ಲಿ ನಿಲ್ಸಲಿ? ಅದಕ್ಕೇ ನಾನು ಗಾಡಿನೇ ತೆಗೀತಿಲ್ಲ.

ಶಿವಬಸಪ್ಪ: ಜಾಗ ಹೋಗುತ್ತೆ ಅಂತ ಗಾಡಿನೇ ಓಡ್ಸಲ್ವಾ ಸಾರ್?

ನಾನು: ಬೆಂಗಳೂರಲ್ಲಿ ಗಾಡಿ ಸಿಗಬೋದು ರೀ, ಜಾಗ ಸಿಗಲ್ಲ.

ಈ ಮಾತು ಚೆನ್ನಾಗಿ ಬಂತೆಂದು ನನಗೇ ಅನ್ನಿಸಿತು. ಶಿವಬಸಪ್ಪ ಕೀ ಜೇಬಿಗೆ ಹಾಕಿಕೊಳ್ಳುತ್ತಾ ನನ್ನ ಮುಖ ನೋಡಿದ.

ಶಿವಬಸಪ್ಪ: ಸರಿ ಸಾರ್. ಭಾನುವಾರ ನಾನು ಗಾಡಿ ಬೀದಿಲಿ ನಿಲ್ಸ್ತೀನಿ. ನಿಮ್ಮ ಜಾಗಕ್ಕೆ ನಾನೇ ಒಂದು ಕುರ್ಚಿ ಹಾಕ್ಕೊಂಡು ಕಾವಲು ಕೂರ್ತೀನಿ. ನೀವು ಆರಾಮಾಗಿ ಹೋಗ್ಬನ್ನಿ.

ಕೆಂಚಪ್ಪ: ನೋಡಿ ಸ್ವಾಮಿ, ಎಂಥ ಮಾತು. ಇನ್ನೇನಾಗ್ಬೇಕು?

ಇನ್ನೇನೂ ಆಗಬೇಕಾಗಿರಲಿಲ್ಲ. ಬೆಂಗಳೂರಿನಲ್ಲಿ ಜಾಗದ ಜಗಳಕ್ಕೆ ಹೋದವನಿಗೆ ಇಷ್ಟು ಬೇಗ ನ್ಯಾಯ ಸಿಕ್ಕಿದ್ದು ಅದೇ ಮೊದಲಿರಬೇಕು. ನನ್ನ ಪಾಲಿಗೆ ಆ ನ್ಯಾಯ ಗಂಟಲಿಗೆ ಸಿಕ್ಕಿದ ಕಡುಬಾಯಿತು. ಕೆಂಚಪ್ಪನವರು ಒಳ್ಳೆಯ ಕೆಲಸಕ್ಕೆ ತಡ ಯಾಕೆ ಎನ್ನುತ್ತಾ, ಸ್ಕೂಟರನ್ನು ಈಗಲೇ ಒಂದು ಸಲ ಆಚೆ ತೆಗೆದು ನೋಡಿಬಿಡೋಣ, ನೀವು ಬೀದಿಯ ಕೊನೆಯವರೆಗೆ ಹೋಗಿ ಬನ್ನಿ ಎಂದು ಮೂಲೆಗೆ ನಡೆದರು. ನಾನು ಮನೆದೇವರನ್ನು ನೆನೆಯುತ್ತಾ ಹಿಂದೆ ಹೋದೆ. ಅವರು ಜಮಖಾನದ ಒಂದು ತುದಿ ಹಿಡಿದು ಎತ್ತಿದರು.

ಒಳಗಿನಿಂದ ಕೊರ್ರ್ ಎಂಬ ಸದ್ದು ಬಂತು.

ಸ್ಕೂಟರ್‌ನ ಕಾಲಿಡುವ ಜಾಗದಲ್ಲಿ, ನಾನು ಹಾಸಿದ್ದ ಗೋಣಿಚೀಲದ ಮೇಲೆ ಯಾರೋ ಹುಲ್ಲು ಹರಡಿದ್ದರು. ಅದರ ಮೇಲೆ ಒಂದು ಕೆಂಪು ಕೋಳಿ ಮೈ ಉಬ್ಬಿಸಿಕೊಂಡು ಕೂತಿತ್ತು. ಬಲಗಡೆಯ ಪೆಡಲ್ ಮೇಲೆ ಒಂದು ರೆಕ್ಕೆ ಚಾಚಿಕೊಂಡಿತ್ತು. ಅದು ಬ್ರೇಕ್ ಎಂದು ನನಗೆ ಆಮೇಲೆ ತಿಳಿಯಿತು.

ಕೆಂಚಪ್ಪ: ಅವ್ವಾ, ಒಸಿ ಬಾ ಇಲ್ಲಿ.

ಕೆಂಚಪ್ಪನವರ ತಾಯಿ ಮುನಿತಾಯಮ್ಮ ಎಲೆಯಡಿಕೆ ಅಗಿಯುತ್ತಾ ನಿಧಾನವಾಗಿ ಬಂದರು. ಎಂಬತ್ತರ ಹತ್ತಿರದ ಹಿರಿಯರು. ಅವರು ಯಾವುದಕ್ಕೂ ಅವಸರ ಪಟ್ಟಿದ್ದನ್ನು ನಾನು ಕಂಡಿಲ್ಲ.

ಮುನಿತಾಯಮ್ಮ: ಯಾಕ್ರಪ್ಪ ಅದ್ರ ಮುಂದೆ ನಿಂತ್ಕೊಂಡು ಕೂಗಾಡ್ತೀರಿ? ಕಾವಿಗೆ ಕೂತ ಕೋಳಿ ಬೆಚ್ಚಬಾರ್ದು.

ನಾನು: ಅಜ್ಜಿ, ಇದು ನನ್ನ ಸ್ಕೂಟರ್.

ಮುನಿತಾಯಮ್ಮ: ಗೊತ್ತು ಕಣಪ್ಪ. ಅದ್ಕೇ ಇಲ್ಲಿ ಕೂರ್ಸಿದ್ದು.

ನಾನು: ನಿಮ್ಮನೇಲಿ ಬುಟ್ಟಿ, ಮಂಕರಿ ಇಲ್ವಾ?

ಮುನಿತಾಯಮ್ಮ: ಮಂಕರಿ ಐತೆ. ಈಗ ಕಾಲ ಯಾವ್ದು? ದಿನಾ ಸಂಜೆ ಗುಡುಗ್ತದೆ. ಗುಡುಗಿಗೆ ಮೊಟ್ಟೆ ಕೆಡಬಾರ್ದು ಅಂತ ಪಕ್ದಲ್ಲಿ ಕಬ್ಬಿಣ ಮಡಗ್ತೀವಿ. ಹೋದೊರ್ಸ ಒಂದು ಮೊಳೆ ಮಡಗಿದ್ದೆ, ಅರ್ಧ ಮೊಟ್ಟೆ ಕೊಳ್ತೋದೋ. ಆಮೇಲೆ ಕುಡ್ಲು ಮಡಗ್ದೆ, ಎಲ್ಡು ಕೆಟ್ಟೋ. ಈ ಸಲ ಒಸಿ ದೊಡ್ಡ ಕಬ್ಬಿಣ ಬೇಕು ಅನ್ಕೊಂಡೆ. ನಿನ್ ಗಾಡಿ ಪೂರಾ ಕಬ್ಬಿಣ ಅಲ್ವಾ.

ಎಂಟು ವರ್ಷ ಕಾದು ಪಡೆದ ಯಂತ್ರ ಒಂದು ಮೊಳೆಯ, ಒಂದು ಕುಡುಗೋಲಿನ ಮುಂದಿನ ಮೆಟ್ಟಿಲಾಗಿ ನಿಂತಿತ್ತು. ಬೇರೆ ದಿನವಾಗಿದ್ದರೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಆವತ್ತು ಆ ಕೋಳಿಯ ಕಾಲಿಗೆ ಬೀಳಬೇಕೆನ್ನಿಸಿತು. ಆದರೂ ಮುಖ ಗಂಟಿಕ್ಕಿಕೊಳ್ಳಲೇಬೇಕಲ್ಲ, ಮೇಲಿನ ಕಿಟಕಿ ತೆರೆದೇ ಇತ್ತು.

ನಾನು: ಎಷ್ಟು ದಿವ್ಸ ಕೂರುತ್ತೆ ಇದು?

ಮುನಿತಾಯಮ್ಮ: ಇಪ್ಪತ್ತೊಂದು. ಸೋಮವಾರ ಕೂರ್ಸಿದೀನಿ, ಹದಿಮೂರು ಮೊಟ್ಟೆ.

ನಾನು: ಅಯ್ಯಯ್ಯೋ, ಭಾನುವಾರಕ್ಕೆ ಆಗಲ್ವಲ್ಲ ಹಾಗಾದ್ರೆ.

ಈ ಮಾತನ್ನು ಎಷ್ಟು ದುಃಖದಿಂದ ಹೇಳಿದೆನೆಂದರೆ ಕೆಂಚಪ್ಪನವರ ಮನಸ್ಸು ಕರಗಿಬಿಟ್ಟಿತು. ಅದೇ ತಪ್ಪಾಯಿತು.

ಕೆಂಚಪ್ಪ: ಅವ್ವ, ಎತ್ತಿ ಪಕ್ಕಕ್ಕೆ ಮಡಗು ಅದನ್ನ. ಸ್ವಾಮಿಗಳು ಗೃಹಪ್ರವೇಶಕ್ಕೆ ಹೋಗ್ಬೇಕು.

ಮುನಿತಾಯಮ್ಮ: ಕದಲ್ಸಿದ್ರೆ ಕಾವು ಬಿಟ್ಟು ಎದ್ದೋಯ್ತದೆ ಕಣ್ಲಾ. ಹದಿಮೂರು ಮೊಟ್ಟೆನೂ ಹಾಳು.

ಕೆಂಚಪ್ಪ: ಹಾಳಾದ್ರೆ ಹಾಳಾಗ್ಲಿ. ಎಂಟು ವರ್ಸ ಕಾದವ್ರೆ ಅವ್ರು. ತೆಗಿ, ನಾನೇ ಎತ್ತುತೀನಿ.

ಅವರು ಅಂಗಿಯ ತೋಳು ಮಡಿಸಿಕೊಂಡು ಬಗ್ಗಿದರು. ನಾನು ಹೇಗೆ ಅವರಿಗೂ ಸ್ಕೂಟರಿಗೂ ನಡುವೆ ಹೋಗಿ ನಿಂತೆನೋ ನನಗೇ ಗೊತ್ತಿಲ್ಲ. ನಮ್ಮದು ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮನೆ. ಅಂಥ ನಾನು ಒಂದು ಕೋಳಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತಿದ್ದೆ.

ನಾನು: ಬೇಡಿ ಕೆಂಚಪ್ಪನೋರೆ. ಮುಟ್ಬೇಡಿ. ಅದೂ ಒಂದು ತಾಯಿ. ಮಕ್ಕಳಿಗೆ ಕಾವು ಕೊಡ್ತಾ ಕೂತಿರೋ ತಾಯೀನ ಎಬ್ಬಿಸಿ ನಾನು ಗೃಹಪ್ರವೇಶಕ್ಕೆ ಹೋಗ್ಲಾ? ಅಂಥ ಸ್ಕೂಟರ್ ನನಗೆ ಬೇಡ. ನಾವು ಬಸ್ಸಲ್ಲೇ ಹೋಗ್ತೀವಿ.

ಕೆಂಚಪ್ಪನವರು ನೆಟ್ಟಗೆ ನಿಂತು ಮತ್ತೆ ಟವೆಲ್ ತೆಗೆದುಕೊಂಡರು.

ಕೆಂಚಪ್ಪ: ನೋಡವ್ವ. ಕೋಳಿ ತಿನ್ನೋರು ನಾವು, ಕರುಣೆ ಇರೋದು ಅವ್ರಿಗೆ. ದೊಡ್ಡ ಮನ್ಸ ಸ್ವಾಮಿ ನೀವು.

ದೊಡ್ಡ ಮನುಷ್ಯನಾಗಿ ನಾನು ಅರ್ಧ ನಿಮಿಷವೂ ಇರಲಿಲ್ಲ. ಶಿವಬಸಪ್ಪ ಪ್ಯಾಂಟಿನ ಜೇಬಿಗೆ ಕೈ ಹಾಕಿ ತನ್ನ ಲ್ಯಾಂಬ್ರೆಟ್ಟಾದ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟ.

ಶಿವಬಸಪ್ಪ: ಬಸ್ ಯಾಕೆ ಸಾರ್? ನನ್ನ ಗಾಡಿ ತಗೊಂಡ್ಹೋಗಿ. ಭಾನುವಾರ ನನಗೆ ರಜ. ಹಳೇದೇ, ಆದ್ರೆ ಎಂಜಿನ್ ಚೆನ್ನಾಗಿದೆ. ಬೇಕಾದ್ರೆ ಈಗ್ಲೇ ಒಂದು ರೌಂಡ್ ನೋಡ್ಬಿಡಿ.

ಕೆಂಚಪ್ಪ: ಹಂಗನ್ನು. ಮುಗೀತಲ್ಲ ಸಮಸ್ಯೆ.

ಕೀ ಅಂಗೈಯಲ್ಲಿ ಬೆಚ್ಚಗಿತ್ತು. ಲ್ಯಾಂಬ್ರೆಟ್ಟಾದ ಸುತ್ತ ಜಾಗವಿತ್ತು, ಪೆಟ್ರೋಲ್ ಇತ್ತು, ಅದರ ಮೇಲೆ ಯಾವ ಪ್ರಾಣಿಯೂ ಕೂತಿರಲಿಲ್ಲ. ಅಮಾವಾಸ್ಯೆಯಂತೂ ಹತ್ತಿರದಲ್ಲಿ ಇರಲೇ ಇಲ್ಲ. ಮೂವರೂ ನನ್ನ ಮುಖ ನೋಡುತ್ತಾ ನಿಂತರು. ಎಮ್ಮೆಯೂ ಈ ಕಡೆಗೇ ತಿರುಗಿತ್ತು. ಎಂಟು ವರ್ಷ ಕಟ್ಟಿಕೊಂಡು ಬಂದ ಮಾನ ಇನ್ನೊಂದು ಉಸಿರಿಗೆ ಕೆಂಚಪ್ಪನವರ ಕೊಟ್ಟಿಗೆಯಲ್ಲಿ ಬಿದ್ದುಹೋಗುತ್ತದೆ ಎಂದುಕೊಂಡೆ. ಆಗ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಕಮಲಾಕ್ಷಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೆಳಗೆ ಬಂದಳು.

ಕಮಲಾಕ್ಷಿ: ಶಿವಬಸಪ್ಪನೋರೆ, ತಪ್ಪು ತಿಳ್ಕೋಬೇಡಿ. ನಮ್ಮನೆಯವರು ಬೇರೆಯೋರ ಗಾಡಿ ಮುಟ್ಟಲ್ಲ. ಗಾಡಿ, ಪೆನ್ನು ಎರಡನ್ನೂ ಕೈ ಬದಲಾಯಿಸಬಾರ್ದು ಅಂತಾರೆ. ಅವರ ನಿಯಮ ಅದು.

ಅಂಥ ನಿಯಮ ನನಗಿದೆ ಎಂದು ನನಗೂ ಆಗಲೇ ತಿಳಿದದ್ದು. ಆದರೂ ಇದ್ದೇ ಇದೆ ಎನ್ನುವಂತೆ ತಲೆಯಾಡಿಸಿ ಕೀ ಹಿಂತಿರುಗಿಸಿದೆ.

ಕಮಲಾಕ್ಷಿ: ಬನ್ನಿ ರೀ, ಕಾಫಿ ಆರೋಗ್ತಿದೆ.

ಮನೆಯೊಳಗೆ ಹೋಗಿ ಕೂತ ಮೇಲೂ ನಾನು ಸ್ವಲ್ಪ ಹೊತ್ತು ಪಾತ್ರ ಬಿಡಲಿಲ್ಲ. ಈ ಊರಿನವರಿಗೆ ಪಾರ್ಕಿಂಗ್ ಎಂದರೆ ಏನೆಂದೇ ಗೊತ್ತಿಲ್ಲ, ಕೋಳಿ ಕೂರಿಸಲು ಬೇರೆ ಜಾಗ ಸಿಗಲಿಲ್ಲವೇ ಎಂದೆಲ್ಲಾ ಗೊಣಗಿದೆ. ಕಮಲಾಕ್ಷಿ ಲೋಟವನ್ನು ನನ್ನ ಮುಂದಿಟ್ಟು ಎದುರಿಗೆ ಕೂತಳು.

ಕಮಲಾಕ್ಷಿ: ಕೋಳೀನ ಅಲ್ಲಿ ಕೂರಿಸಿ ಅಂತ ಅಜ್ಜಿಗೆ ಹೇಳಿದ್ದು ನಾನು.

ನಾನು: ಏನು?

ಕಮಲಾಕ್ಷಿ: ಸೋಮವಾರ ಅಜ್ಜಿ ಕಬ್ಬಿಣ ಹುಡುಕ್ತಾ ಓಡಾಡ್ತಿದ್ರು. ನಮ್ಮ ಸ್ಕೂಟರ್ ಇದೆಯಲ್ಲ ಅಂದೆ. ಮೊಟ್ಟೆ ಇಡೋವಾಗ ಜಮಖಾನ ಎತ್ತಿ ಹಿಡ್ಕೊಂಡಿದ್ದೂ ನಾನೇ. ಆಮೇಲೆ ಮೂರು ಸಲ ಕೈ ತೊಳ್ಕೊಂಡೆ.

ನಾನು: ಯಾಕೆ ಕಣೇ? ಗೃಹಪ್ರವೇಶಕ್ಕೆ ಸ್ಕೂಟರಲ್ಲಿ ಹೋಗ್ಬೇಕು ಅಂತ ನಿನಗೆ ಆಸೆ ಇತ್ತಲ್ಲ.

ಕಮಲಾಕ್ಷಿ: ಆಸೆ ಇತ್ತು. ಕೈಕಾಲು ಮುರ್ಕೊಳ್ಳೋ ಆಸೆ ಇರ್ಲಿಲ್ಲ.

ನಾನು ಲೋಟ ಕೆಳಗಿಟ್ಟೆ.

ನಾನು: ನಿನಗೆ ಯಾವಾಗ ಗೊತ್ತಾಯ್ತು?

ಕಮಲಾಕ್ಷಿ: ಪೂಜೆ ದಿನ. ಕುಂಕುಮ ಇಡೋಕೆ ನಾನು ಸೀಟು ಎತ್ತಿದ್ನಲ್ಲ, ಪೆಟ್ರೋಲ್ ಹಾಕೋ ಮುಚ್ಚಳ ಕಾಣಿಸ್ತು. ನೀವು ಪಕ್ಕದಲ್ಲಿ ನಿಂತಿದ್ರಿ. 'ಓ, ಇದು ಇಲ್ಲಿದೆಯಾ' ಅಂದ್ರಿ.

ನಾನು: ಅಂದ್ನಾ?

ಕಮಲಾಕ್ಷಿ: ಅಂದ್ರಿ. ಅಜ್ಜಿನೂ ಕೇಳಿಸ್ಕೊಂಡ್ರು. ಶಿವಬಸಪ್ಪನೋರಿಗೂ ಆವತ್ತಿಂದ ಅನುಮಾನ. ಈಗ ಕೀ ಕೊಟ್ರಲ್ಲ, ಬರಲ್ಲ ಅಂತ ಈಗ್ಲಾದ್ರೂ ಬಾಯ್ಬಿಡ್ತೀರೇನೋ ನೋಡೋಣ ಅಂತ ಕೊಟ್ಟಿದ್ದು. ಗೊತ್ತಿಲ್ದೆ ಇರೋರು ಕೆಂಚಪ್ಪನೋರು ಒಬ್ರೇ. ಪಾಪ, ಅವರು ಹುಲ್ಲು ತಾರಸಿಗೆ ಏರಿಸ್ತಾ ಇದಾರೆ ನೋಡಿ.

ಕಿಟಕಿಯಲ್ಲಿ ನೋಡಿದೆ. ಕೆಂಚಪ್ಪನವರು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದರು.

ಕಮಲಾಕ್ಷಿ: ಬೇರೆಯೋರಿಗೆ ಏನು ಬೇಕಾದ್ರೂ ಹೇಳಿ. ನನ್ನ ಹತ್ರ ಬರಲ್ಲ ಅಂತ ಒಂದು ಮಾತು ಹೇಳ್ಬೋದಿತ್ತು. ನನಗೂ ಅಮಾವಾಸ್ಯೆ, ನಂಬರ್ ಅಂತ ನೆಪ ಹೇಳಿದ್ರಿ ನೋಡಿ, ಅದು ಬೇಜಾರಾಯ್ತು.

ಅವಳು ಗೊತ್ತಿದ್ದೂ ಎರಡು ತಿಂಗಳು ಒಂದು ಮಾತನ್ನೂ ಆಡದೆ, ಕೊನೆಗೆ ಮುಟ್ಟದ ಮೊಟ್ಟೆಯ ಹತ್ತಿರ ಹೋಗಿ ನನ್ನ ಮಾನ ಕಾದಿದ್ದಳು. ನನಗೆ ನಿಜವಾಗಿ ನಾಚಿಕೆಯಾಯಿತು. ತಪ್ಪಾಯಿತು ಎಂದು ಹೇಳಿದೆ.

ಕಮಲಾಕ್ಷಿ: ಇರ್ಲಿ ಬಿಡಿ. ಇಪ್ಪತ್ತೊಂದು ದಿವ್ಸ ಅಂದ್ರಲ್ಲ ಅಜ್ಜಿ, ಇನ್ನೂ ಹದಿನೆಂಟು ಬಾಕಿ ಇದೆ. ಅಷ್ಟರೊಳಗೆ ಕಲೀರಿ. ನಾಳೆಯಿಂದ ಬೆಳಿಗ್ಗೆ ಆರಕ್ಕೆ ಕೆರೆಯಂಗಳ. ಶಿವಬಸಪ್ಪನೋರು ಪಾಳಿ ಮುಗಿಸ್ಕೊಂಡು ನೇರ ಅಲ್ಲಿಗೇ ಬರ್ತಾರಂತೆ, ಅವರ ಮನೆಯೋರ ಹತ್ರ ಹೇಳಿಸಿದೀನಿ.

ನಾನು: ಹದಿನೆಂಟು ದಿವ್ಸಕ್ಕೆ ಬರುತ್ತಾ?

ಕಮಲಾಕ್ಷಿ: ಕೋಳಿಗೆ ಇಪ್ಪತ್ತೊಂದು ದಿವ್ಸಕ್ಕೆ ಹದಿಮೂರು ಮರಿ ಆಗುತ್ತೆ. ನಿಮಗೆ ಎಂಟು ವರ್ಷಕ್ಕೆ ಒಂದು ಗೇರ್ ಬರ್ಲಿಲ್ಲ. ನೋಡೋಣ.

ಭಾನುವಾರ ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿ ಕೆಂಗೇರಿಗೆ ಹೋದೆವು. ಸ್ಕೂಟರ್ ಎಲ್ಲಿ ಎಂದು ಬಾಗಿಲಲ್ಲೇ ಭಾವ ಕೇಳಿದರು. ಕಮಲಾಕ್ಷಿ ಕೋಳಿಯ ವಿಷಯ ಹೇಳಿದಳು, ಕೆಂಚಪ್ಪನವರಿಗೆ ನಾನು ಅಡ್ಡ ನಿಂತಿದ್ದನ್ನೂ ಸೇರಿಸಿ ಹೇಳಿದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಈ ಕಾಲದಲ್ಲೂ ಇಂಥವರು ಇದ್ದಾರೆ ಎಂದು ನನಗೆ ಎರಡು ಹೋಳಿಗೆ ಹೆಚ್ಚು ಬಡಿಸಿದರು. ತಲೆ ತಗ್ಗಿಸಿಕೊಂಡು ತಿಂದೆ. ಅದನ್ನೂ ಅವರು ವಿನಯ ಎಂದುಕೊಂಡರು.

ಕೆರೆಯಂಗಳದ ಪಾಠ ಮಾತ್ರ ನಾನೆಣಿಸಿದಷ್ಟು ಅವಮಾನಕರವಾಗಿರಲಿಲ್ಲ, ನೋಡುವವರು ಯಾರೂ ಇರಲಿಲ್ಲ.

ಶಿವಬಸಪ್ಪ: ಮೊದಲು ಬ್ರೇಕ್ ತಿಳ್ಕೊಳ್ಳಿ ಸಾರ್. ಯಾವುದು ಗೊತ್ತಾ?

ನಾನು: ಗೊತ್ತು. ಕೋಳಿ ರೆಕ್ಕೆ ಇಟ್ಕೊಂಡಿತ್ತಲ್ಲ, ಅದು.

ಶಿವಬಸಪ್ಪ: ಸರಿಯಾಗಿ ಹೇಳಿದ್ರಿ. ಅದಕ್ಕೆ ನಿಮಗಿಂತ ಮೊದಲೇ ಗೊತ್ತಿತ್ತು.

ಆರು ಸಲ ಬಿದ್ದೆ. ಏಳನೆಯ ದಿನ ಬೀಳದೆ ಹೋದೆ. ಹದಿನೈದನೆಯ ದಿನದ ಹೊತ್ತಿಗೆ ಎಂಟು ವರ್ಷ ಕಚೇರಿಯಲ್ಲಿ ನಾನು ಕೊಟ್ಟ ಉಪದೇಶವೆಲ್ಲ ತಪ್ಪೆಂದು ಗೊತ್ತಾಗುವಷ್ಟು ಕಲಿತಿದ್ದೆ. ಕ್ಲಚ್ಚಿನ ವಿಷಯದಲ್ಲಂತೂ ಆ ಮೂವರ ಕ್ಷಮೆ ಕೇಳಬೇಕು.

ಲೆಕ್ಕ ತಪ್ಪದೆ ಇಪ್ಪತ್ತೊಂದನೆಯ ದಿನ ಮೊಟ್ಟೆ ಒಡೆದವು. ಹದಿಮೂರಕ್ಕೆ ಹದಿಮೂರೂ ಮರಿಯಾದವು. ಮುನಿತಾಯಮ್ಮ ಸ್ಕೂಟರ್‌ನ ಮುಂಭಾಗವನ್ನು ಕೈಯಿಂದ ನೇವರಿಸಿ ಒಳ್ಳೆ ಕಬ್ಬಿಣ ಎಂದರು. ಗಾಡಿಗೆ ಸಿಕ್ಕಿದ ಮೊದಲ ಪ್ರಶಸ್ತಿ ಅದು. ಮರುದಿನ ಗೋಣಿಚೀಲ ತೆಗೆದು, ಕಾಲಿಡುವ ಜಾಗವನ್ನು ಎರಡು ಸಲ ತೊಳೆದು, ಕೆಂಪು ಬಣ್ಣದಲ್ಲಿ 'ಎಲ್' ಎಂದು ಬರೆದ ರಟ್ಟು ಕಟ್ಟಿ, ಬೆಳಿಗ್ಗೆ ಎಂಟಕ್ಕೆ ಸ್ಕೂಟರನ್ನು ಬೀದಿಗೆ ತಂದೆ. ಕೆಂಚಪ್ಪನವರು ಎಮ್ಮೆಯನ್ನು ಹಿಡಿದುಕೊಂಡರು. ಶಿವಬಸಪ್ಪ ದೂರದಿಂದ ಕೈಬೀಸಿದ. ಮೊದಲನೆಯ ಒದೆತಕ್ಕೇ ಎಂಜಿನ್ ಹಿಡಿಯಿತು. ನಾನು ಕೆರೆಯವರೆಗೆ ಹೋಗಿ, ಗೇರ್ ಬದಲಾಯಿಸಿ, ಯಾರಿಗೂ ಗುದ್ದದೆ ತಿರುಗಿ ಬಂದೆ. ಬರುವಾಗ ಬೀದಿಯ ಕೊನೆಯಿಂದಲೇ ಹಾರ್ನ್ ಒತ್ತಿದೆ.

ಕಟ್ಟಡದ ಮುಂದೆ ಬಂದು ಒಳಗೆ ನೋಡಿದೆ. ನನ್ನ ಮೂಲೆಯಲ್ಲಿ ಮುನಿತಾಯಮ್ಮ ದೊಡ್ಡ ಮಂಕರಿಯೊಂದನ್ನು ಬೋರಲು ಹಾಕಿ, ಒಳಗೆ ಕೋಳಿಯನ್ನೂ ಹದಿಮೂರು ಮರಿಗಳನ್ನೂ ಬಿಟ್ಟು, ಕಾಲು ಚಾಚಿಕೊಂಡು ಪಕ್ಕದಲ್ಲಿ ಕೂತಿದ್ದರು. ಹೊಲಕ್ಕೆ ಹೋಗಿದ್ದ ಎತ್ತಿನ ಗಾಡಿ ಇಷ್ಟರಲ್ಲೇ ಹುಲ್ಲು ತುಂಬಿಕೊಂಡು ವಾಪಸ್ ಬಂದಿತ್ತು. ಅದರ ಹಿಂದೆ ಶಿವಬಸಪ್ಪನ ಲ್ಯಾಂಬ್ರೆಟ್ಟಾ, ಮುಂದೆ ಎಮ್ಮೆ. ಒರಳುಕಲ್ಲನ್ನು ಯಾರೋ ಮೊದಲಿನ ಜಾಗಕ್ಕೇ ಉರುಳಿಸಿದ್ದರು. ಒಂದು ಸೈಕಲ್ ನಿಲ್ಲಿಸಲೂ ಸಂದು ಇರಲಿಲ್ಲ. ಬೀದಿಯಲ್ಲೇ ನಿಲ್ಲಿಸೋಣವೆಂದರೆ ಸೀಮೆಎಣ್ಣೆಯ ಗಾಡಿಯವನು ನನ್ನ ಬೆನ್ನಿಗೇ ಬಂದು ಗಂಟೆ ಬಾರಿಸುತ್ತಿದ್ದ. ದಾರಿ ಬಿಡಲು ಒಂದು ಸುತ್ತು ಹೋಗಿ ಬಂದೆ. ಬಂದರೆ ಅವನು ಅಲ್ಲೇ ನಿಂತು ಮನೆಮನೆಗೆ ಎಣ್ಣೆ ಅಳೆಯುತ್ತಿದ್ದ, ಎದುರಿಗೆ ಡಬ್ಬ ಕ್ಯಾನುಗಳ ಸಾಲು.

ಗಾಡಿಯ ಮೇಲೆ ಕೂತೇ ಅಡುಗೆಮನೆಯ ಕಿಟಕಿಯ ಕಡೆ ತಲೆಯೆತ್ತಿ ಕೂಗಿದೆ. ಒಳಗೆ ಒಗ್ಗರಣೆ ಸಿಡಿಯುವ ಸದ್ದಾಗುತ್ತಿತ್ತು. ಕಮಲಾಕ್ಷಿ ಹೊರಗೆ ತಲೆ ಹಾಕಲಿಲ್ಲ, ಅವಳ ದನಿ ಮಾತ್ರ ಬಂತು.

ನಾನು: ಕಮಲಾಕ್ಷಿ, ಗಾಡಿ ನಿಲ್ಸೋಕೆ ಜಾಗ ಇಲ್ಲ ಕಣೇ.

ಕಮಲಾಕ್ಷಿ: ಅದೊಂದು ಹಳೇ ನೆಪ ಬಿಡ್ರಿ ಇನ್ನಾದ್ರೂ. ಇಳಿಯೋಕೆ ಬರ್ದಿದ್ರೆ ಬರಲ್ಲ ಅಂತ ಹೇಳಿ, ಶಿವಬಸಪ್ಪನೋರನ್ನ ಕಳಿಸ್ತೀನಿ.

ನಾನು ಎರಡನೆಯ ಸುತ್ತಿಗೆ ಹೊರಟೆ.